ಹಳೇ ಸಾಮಾನಿನ ಕಥಿ, ಭಾಗ 5: ಬಳಕೆ ತಪ್ಪಿದ ಸಾಧನ

ಮೊದಲನೇ ಫೋಟೋದಾಗಿರೋ ಚೀಟಿ ಓದ್ರಿ. "ಬಳಕೆ ತಪ್ಪಿದ ಸಾಧನ" ಅಂತ ಬರದು, ಅದರ ಮ್ಯಾಲೆ ಕಾಟು ಹೊಡದೈತಿ. ಬರದಾಂವ ನಾನ. ಕಾಟು ಹೊಡದಾಂವನೂ ನಾನ.

ನಮ್ಮ ಕಾಲೇಜಿನ ಸಣ್ಣ ಮ್ಯೂಸಿಯಂ ಗೊತ್ತಲ್ಲ, ಕೂರಿಗಿ, ಸೇರು, ಪಾವು ಇಟ್ಟಿರೋ ಖೋಲಿ? ಅಲ್ಲಿ ಹಳೇ ಕಾಲದ ಒಂದು ಹ್ಯಾಮ್ ರೇಡಿಯೋ ಸ್ಟೇಷನ್ ಕೂಡಿಸೋ ಕೆಲಸ ನಮ್ಮ ಗುಂಪಿಗೆ ಬಂತು. ಹ್ಯಾಮ್ ಅಂದ್ರ ಲೈಸೆನ್ಸ್ ತಗೊಂಡು, ರೊಕ್ಕಕ್ಕಲ್ಲ, ಹವ್ಯಾಸಕ್ಕ ರೇಡಿಯೋದಾಗ ಮಾತಾಡೋರು. ಮಿಲಿಟರಿ ಸಿಗ್ನಲ್ಸ್‌ನಾಗಿದ್ದ ನಮ್ಮೂರ ಕಾಕಾ ಒಬ್ಬರು ವಾಲ್ವ್ ರಿಸೀವರ್, ಮೋರ್ಸ್ ಕೀ, ಹೆಡ್‌ಫೋನ್ ಕೊಟ್ಟರು. ನಾ ಬಿಕಾಂ ಹುಡುಗ. ಸವಕಳಿ ಲೆಕ್ಕ ಹಾಕಿದೆ, ಬೆಲೆ ಸೊನ್ನೆ ಬಂತು, ಚೀಟಿ ಬರದೆ.

ಪ್ಲಗ್ ಹಾಕಾಕ ಹೋದೆ. "ಏ ತಮ್ಮಾ, ತಡಿ!" ಅಂದ್ರು ಕಾಕಾ.

ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿಗೆ ಒಮ್ಮೆಲೇ ಪೂರ್ತಿ ಕರೆಂಟ್ ಕೊಟ್ಟರ ಒಳಗಿನ ಕೆಪಾಸಿಟರ್ ಒಡೀಬಹುದು. ಕೆಟ್ಟವನ್ನ ಬದಲಿಸಿ, ವೇರಿಯಾಕ್ ತಿರುವಿ ವೋಲ್ಟೇಜ್ ಸಾವಕಾಶ ಏರಿಸಿದ್ರು. ಸ್ವಿಚ್ ಆರಿಸಿದ ಮ್ಯಾಲೂ ಒಳಗ ಕೈ ಹಾಕಬಾರದು, ನೂರಾರು ವೋಲ್ಟ್ ಉಳಿದಿರತೈತಿ. ಮಾಳಿಗಿ ಮ್ಯಾಲೆ 20 ಮೀಟರ್ ತಂತಿ ಕಟ್ಟಿದ್ವಿ. 7 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 40 ಮೀಟರ್, ಅದರ ಅರ್ಧ ಅದು. ಖೋಲಿಯ ಎಲ್‌ಇಡಿ ಲೈಟ್ ಆರಿಸಿದ ಕೂಡಲೇ ಗೊರಗೊರ ಸದ್ದು ಇಳೀತು. ಆಗ ಕೇಳಿಸಿತು, ಸಣ್ಣಗೆ ಮೋರ್ಸ್. ಯಾರೋ, ಎಲ್ಲಿಂದಲೋ.

ಕಾಕಾ ನನ್ನ ಚೀಟಿ ಓದಿದ್ರು. "2019ರಾಗ ನಿನ್ನ ಮೊಬೈಲ್ ಎಷ್ಟು ಬಳಕಿಗೆ ಬಂತು?"

ನಾ ಸುಮ್ಮನಾದೆ. ಆ ಆಗಸ್ಟ್‌ನಾಗ ಕೃಷ್ಣಾ ಏರಿ ಕಲ್ಲೋಳ–ಯಡೂರು ಸೇತುವೆ ಮುಳುಗಿತ್ತು. ಅಪ್ಪ ಆಚೆ ಕಲ್ಲೋಳ ಕಡೆ, ನಾವು ಈಚೆ. ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಎರಡು ದಿನ ಅವ್ವ ಹತ್ತದ ನಂಬರಿಗೆ ಫೋನ್ ಹಚ್ಚತನ ಇದ್ಲು. ಹೊಳಿದಂಡಿ ಊರಿನವರಿಗೆ ಇದನ್ನ ನಾ ಬಿಡಿಸಿ ಹೇಳಬೇಕಿಲ್ಲ.

ಮನಿಗೆ ಹೋಗಿ ಓದಿದೆ. 2004ರ ಡಿಸೆಂಬರ್‌ನಾಗ ಹ್ಯಾಮ್ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ನಾಗ ಹವ್ಯಾಸಕ್ಕಂತ ಸ್ಟೇಷನ್ ಹಾಕಿದ್ರು. 26ಕ್ಕ ಸುನಾಮಿ ಬಂತು. ಫೋನ್ ನಿಂತಾಗ ಅಂಡಮಾನಿನ ಸುದ್ದಿ ದಾಟಿಸಿದ್ದು ಅವರ ರೇಡಿಯೋ. ನಮ್ಮ ಮೈಸೂರಿನಾಗೂ ನೋಡ್ರಿ: ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ಕ್ಕ ತಮ್ಮ ಮನಿಯಿಂದನ ಬಾನುಲಿ ಶುರು ಮಾಡಿದ್ರು. ಟ್ರಾನ್ಸ್‌ಮಿಟರ್ ಬರೇ 30 ವ್ಯಾಟ್, ಹಳೇ ಟ್ಯೂಬ್‌ಲೈಟಿಗಿಂತ ಕಡಿಮಿ. ಆ ಮನಿ ಸ್ಟೇಷನ್ನಿನ ಹೆಸರು 'ಆಕಾಶವಾಣಿ'. ಇವತ್ತು ಇಡೀ ದೇಶಕ್ಕ ಗೊತ್ತಿರೋ ಹೆಸರು.

ಈಗ ನಮ್ಮ ಸ್ಟೇಷನ್ ಕೇಳತೈತಿ, ಮಾತಾಡೂದಿಲ್ಲ. ಲೈಸೆನ್ಸ್ ಇಲ್ಲದ ಪ್ರಸಾರ ಮಾಡೂದು ಅಪರಾಧ. ಅದಕ್ಕ ಮೋರ್ಸ್ ಕೀಗೆ ಬರೇ ಬಜರ್ ಜೋಡಿಸೇವಿ, ಬಂದು ನಿಮ್ಮ ಹೆಸರು ಒತ್ತಿ ನೋಡ್ರಿ. ಪರೀಕ್ಷೆಗೆ ಡಿಗ್ರಿ ಬೇಕಿಲ್ಲ, 12 ವರ್ಷ ತುಂಬಿರಬೇಕು ಅಷ್ಟ. ರೆಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸೂ ಬೇಕಿಲ್ಲ. ನಾ ಅರ್ಜಿ ತುಂಬಾಕತ್ತೇನಿ. ಜೋಡಿ ಯಾರ ಬರ್ತೀರಿ?

ಕಡೀ ಫೋಟೋದಾಗ ಹೊಸ ಚೀಟಿ ಐತಿ: "ಲೈಸೆನ್ಸ್ ಬರೋತನಕ ಕೇಳೋದು ಮಾತ್ರ."

#ಯಡೂರು #ಹ್ಯಾಮ್‌ರೇಡಿಯೋ