ಷಟರ್ ಮೇಲಿನ ಕನ್ನಡ

ಮಿನಿ ಪ್ರಾಜೆಕ್ಟ್ ಶುರುವಾದ ಮೇಲೂ ಎಸ್.ಪಿ. ರೋಡ್ ನೋಡದವರು ನಮ್ಮಲ್ಲಿ ಯಾರಾದ್ರೂ ಇದ್ದೀರಾ? ಸೆನ್ಸರ್, ಜಂಪರ್ ವೈರ್ ತಗೊಳ್ಳೋದು, ಹಾಗೇ ಅವೆನ್ಯೂ ರೋಡ್‌ಗೆ ಹೋಗಿ ಸೆಕೆಂಡ್ ಹ್ಯಾಂಡ್ ಟೆಕ್ಸ್ಟ್‌ಬುಕ್ಕಿಗೆ ಚೌಕಾಸಿ ಮಾಡೋದು, ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿ ವಾಪಸ್ ಬರೋದು. ನನ್ನದೂ ಇದೇ ರೂಟ್. ಆದ್ರೆ ಈ ವರ್ಷ ಆ ಬೀದಿಯಲ್ಲಿ ನನಗೆ ಇನ್ನೊಂದು ಚಟ ಹತ್ತಿದೆ: ಅಂಗಡಿ ಬೋರ್ಡ್ ಓದೋದು.

ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಮನೆಮಾತು ಕನ್ನಡವೇ, ಆದ್ರೆ ಕನ್ನಡ ಓದು ಹತ್ತನೇ ಕ್ಲಾಸಿನ ಪರೀಕ್ಷೆಗೇ ನಿಂತುಹೋಯ್ತು. ಒತ್ತಕ್ಷರ ಬಂದ್ರೆ ಈಗಲೂ ರೋಡ್ ಹಂಪ್ ಬಂದ ಹಾಗೆ, ಸ್ಪೀಡ್ ಕಮ್ಮಿ. ಬೋರ್ಡಿನಲ್ಲಿ ಇರೋದು ಎರಡು ಮೂರು ಪದ. ಕೆಳಗೆ ಅಂಗಡಿಯಲ್ಲಿ ಸಾಮಾನು ಕಾಣ್ತಿರುತ್ತೆ. ಹಾಗಾಗಿ ತಡವರಿಸಿದ್ರೂ ಓದಿ ಮುಗಿಸಬಹುದು.

ಅವೆನ್ಯೂ ರೋಡ್ ಅಂದ್ರೆ ಹಳೇ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯ ಮುಖ್ಯ ಬೀದಿಗಳಲ್ಲಿ ಒಂದು. ಸುತ್ತಮುತ್ತ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ. ಯಾರು ಏನು ಮಾಡ್ತಿದ್ರು, ಏನು ಮಾರ್ತಿದ್ರು ಅನ್ನೋದು ಹೆಸರಲ್ಲೇ ಇದೆ. ಈಗ ಎಲ್ಲಿ ನೋಡಿದ್ರೂ ಫ್ಲೆಕ್ಸ್, ಎಲ್‌ಇಡಿ. ಕೈಯಲ್ಲಿ ಬರೆದ ಬೋರ್ಡುಗಳು ಅಲ್ಲೊಂದು ಇಲ್ಲೊಂದು ಉಳಿದಿವೆ.

ಒಂದು ಶನಿವಾರ ಗಲ್ಲಿಯೊಂದರಲ್ಲಿ ಅಂಥ ಬೋರ್ಡ್ ಬರೆಯೋ ಹಿರಿಯರೊಬ್ಬರು ಸಿಕ್ಕಿದ್ರು. ಚಾಕ್‌ಪುಡಿ ಹಚ್ಚಿದ ದಾರವನ್ನ ಬಿಗಿಯಾಗಿ ಎಳೆದು ಟಪ್ ಅಂತ ಬಿಟ್ರು, ನೇರ ಗೆರೆ ಬಿತ್ತು. ಬರೀತಿದ್ದ ಪದ ‘ವಸ್ತ್ರಾಲಯ’. ಗೆರೆಯ ಕೆಳಗೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ರು. “ಯಾಕೆ ಅಂಕಲ್ ಅಷ್ಟೊಂದು ಜಾಗ?” ಅಂದೆ.

“ಮೊದ್ಲು ಒತ್ತಿಗೆ ಜಾಗ ಬಿಡ್ಬೇಕಪ್ಪಾ, ಆಮೇಲೆ ಅಕ್ಷರ. ಇಲ್ಲಾಂದ್ರೆ ಒತ್ತು ಎಲ್ಲಿಗೆ ಹೋಗುತ್ತೆ?”

ಇಂಥ ಕೆಲಸ ಈಗ ಎಷ್ಟು ಸಿಗುತ್ತೆ ಅಂತ ಕೇಳಿದೆ. “ತಿಂಗಳಿಗೆ ಒಂದೆರಡು” ಅಂದು ಬ್ರಷ್ ಅದ್ದಿದ್ರು.

ರೂಮಿಗೆ ಬಂದು ಇದನ್ನೇ ಯೋಚಿಸ್ತಿದ್ದೆ. ಯುನಿಕೋಡ್‌ನಲ್ಲಿ ‘ಸ್ತ್ರ’ ಅಂದ್ರೆ ಐದು ಕೋಡ್ ಪಾಯಿಂಟ್: ಸ, ವಿರಾಮ, ತ, ವಿರಾಮ, ರ. ಇವನ್ನ ಒಟ್ಟು ಸೇರಿಸಿ ಒತ್ತುಗಳನ್ನ ಸರಿಯಾದ ಜಾಗದಲ್ಲಿ ಕೂರಿಸೋದು ಶೇಪಿಂಗ್ ಇಂಜಿನ್ ಮತ್ತು ಫಾಂಟಿನ ಕೆಲಸ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅದು ಸರಿಯಾಗಿ ಸೆಟ್ ಆಗದಿದ್ರೆ ‘ವಸ್‌ತ್‌ರಾಲಯ’ ಅಂತ ಒಡೆದುಹೋಗುತ್ತೆ. ಅದೇ ಪ್ರಿಂಟ್ ಆಗಿ ಬೀದಿಗೂ ಬರುತ್ತೆ. ನನ್ನ ಹಾಗೆ ಬೋರ್ಡ್ ನೋಡಿ ಕಲಿಯೋರು ಅದನ್ನೇ ಸರಿ ಅಂದ್ಕೋತಾರೆ.

ಪೇಟೆ ಗೋಡೆಗಳಿಗೆ ದೊಡ್ಡ ಮ್ಯೂರಲ್ ಬರೆಸಿದ್ರೆ ಹೆರಿಟೇಜ್ ಉಳಿಯುತ್ತೆ ಅಂತ ನಮ್ಮ ಗ್ಯಾಂಗಿನಲ್ಲಿ ಒಬ್ಬನ ವಾದ. ಅವನು ತೋರಿಸಿದ್ದು ಮಲೇಷ್ಯಾದ ಜಾರ್ಜ್ ಟೌನ್. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರು. 2012ರಲ್ಲಿ ಅಲ್ಲಿನ ಆರ್ಮೇನಿಯನ್ ಸ್ಟ್ರೀಟ್‌ನ ಗೋಡೆಗೆ ಅರ್ನೆಸ್ಟ್ ಜಕರೆವಿಕ್ ಅನ್ನೋ ಕಲಾವಿದ ನಿಜವಾದ ಸೈಕಲ್ಲನ್ನೇ ಕೂರಿಸಿ, ಅದರ ಮೇಲೆ ಇಬ್ಬರು ಮಕ್ಕಳ ಚಿತ್ರ ಬರೆದ್ರು. ಫೋಟೋಗೆ ಜನ ಕ್ಯೂ ನಿಲ್ತಾರೆ. ಚಿತ್ರ ನನಗೂ ಇಷ್ಟ ಆಯ್ತು. ಆದ್ರೆ ನಮ್ಮ ಪೇಟೆಯಲ್ಲಿ ಬೀದಿ ಕಲೆ ಹೊಸದಾಗಿ ತರಬೇಕಾದ್ದೇನೂ ಅಲ್ಲ. ಅದು ಷಟರ್ ಮೇಲೆ ಆಗಲೇ ಇದೆ. ಫೋಟೋಗೆ ಪೋಸ್ ಕೊಡೋಕೆ ಅಂತ ಬರೆದದ್ದಲ್ಲ, ಅಂಗಡಿಗೆ ಕರೆಯೋಕೆ ಬರೆದದ್ದು, ಅಷ್ಟೇ ವ್ಯತ್ಯಾಸ. ಒಂದು ಕಡೆ ಗೋಡೆಗೆ ಚಿತ್ರ ಬರೆಸಿ, ಇನ್ನೊಂದು ಕಡೆ ಈ ಅಕ್ಷರಗಳನ್ನ ಕಿತ್ತು ಹಾಕಿದ್ರೆ ಉಳಿಸಿದ್ದು ಏನು?

2024ರಲ್ಲಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯ ಅಂತ ಕಾನೂನು ಬಂತು. ಒಳ್ಳೇದೇ. ಆದ್ರೆ ಅಳತೆ ಪಟ್ಟಿ ಹಿಡಿದ್ರೆ ಗೊತ್ತಾಗೋದು ಕನ್ನಡ ಎಷ್ಟಿದೆ ಅಂತ ಮಾತ್ರ, ಹೇಗಿದೆ ಅಂತಲ್ಲ.

ಅದಕ್ಕೇ ಕ್ಲಬ್ಬಿನವರಿಗೆ ಒಂದು ಪ್ರಪೋಸಲ್. ಈ ಸಲ ರಾಜ್ಯೋತ್ಸವದ ಬೋರ್ಡಿಗೆ ಫ್ಲೆಕ್ಸ್ ಬೇಡ. ಆ ಅಂಕಲ್‌ನ ಕ್ಯಾಂಪಸ್‌ಗೆ ಕರೆಸೋಣ, ಕೆಲಸಕ್ಕೆ ಸರಿಯಾದ ಕೂಲಿ ಕೊಡೋಣ, ಪಕ್ಕದಲ್ಲಿ ನಿಂತು ನಾಲ್ಕು ಜನ ಕಲಿಯೋಣ. ದಾರ ಹಿಡಿಯೋಕೆ ನಾನು ರೆಡಿ.