ಎರಡನೇ ಕ್ವಾರ್ಟರ್‌ಬ್ಯಾಕ್

(1/7)

ನಿನ್ನೆ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ. ಒಬ್ಬ ಪ್ಲೇಯರ್ ಇದಾನೆ, ವಯಸ್ಸು 19. ಅವನು ಶುರುವಿನಿಂದ ಆಡಿದ 27 ಮ್ಯಾಚಲ್ಲಿ ಟೀಮ್ 25 ಗೆದ್ದಿದೆ. ಅವನನ್ನ ಕೂರಿಸ್ತೀರಾ? ಹೆಚ್ಚಿನವರು "ತಲೆ ಕೆಟ್ಟಿದ್ಯಾ" ಅನ್ನೋ ಆಪ್ಷನ್ನೇ ಒತ್ತಿದ್ರಿ.

ಕೂರಿಸಿದ್ರು ಮಗಾ. ಅದೂ ಫೈನಲ್ ಮಧ್ಯದಲ್ಲಿ, ಹಾಫ್ ಟೈಮಲ್ಲಿ, ಇಡೀ ಅಮೆರಿಕ ನೋಡ್ತಾ ಇರುವಾಗ.

ಇದು ಅಮೆರಿಕನ್ ಫುಟ್‌ಬಾಲ್ ಕಥೆ. ಕಾಲಲ್ಲಿ ಒದೆಯೋದು ಕಮ್ಮಿ, ಕೈಯಲ್ಲಿ ಎಸೆಯೋದು, ಹಿಡ್ಕೊಂಡು ಓಡೋದು ಜಾಸ್ತಿ ಇರೋ ಆಟ. ರೂಲ್ಸ್ ಎಲ್ಲಾ ಬೇಡ, ಎರಡೇ ವಿಷಯ ಸಾಕು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಸಿಗುತ್ತೆ. ಮತ್ತೆ, ಹೆಚ್ಚುಕಮ್ಮಿ ಪ್ರತಿ ಪ್ರಯತ್ನದಲ್ಲೂ ಬಾಲ್ ಮೊದಲು ಬರೋದು ಒಬ್ಬನ ಕೈಗೆ. ಅವನೇ ಕ್ವಾರ್ಟರ್‌ಬ್ಯಾಕ್. ಎಸೀಬೇಕಾ, ಇನ್ನೊಬ್ಬನ ಕೈಗೆ ಕೊಡ್ಬೇಕಾ, ತಾನೇ ಓಡ್ಬೇಕಾ ಅಂತ ಎರಡು ಮೂರು ಸೆಕೆಂಡಲ್ಲಿ ತೀರ್ಮಾನ ಆಗ್ಬೇಕು.

ದೊಡ್ಡ ಕಾಲೇಜ್ ಟೀಮಲ್ಲಿ ಆಗ 85 ಜನಕ್ಕೆ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಓಡೋರು ಇಬ್ಬರು ಮೂವರು ಸರದಿಯಲ್ಲಿ ಆಡ್ತಾರೆ, ಹಿಡಿಯೋರು ನಾಲ್ಕೈದು ಜನ ಬದಲಾಗ್ತಾ ಇರ್ತಾರೆ. ಕ್ವಾರ್ಟರ್‌ಬ್ಯಾಕ್ ಮಾತ್ರ ಒಬ್ಬನೇ. ಮೊದಲನೆಯವನಿಗೆ ಪೆಟ್ಟಾಗದಿದ್ರೆ, ಫಾರ್ಮ್ ಹೋಗದಿದ್ರೆ, ಎರಡನೆಯವನು ಸೀಸನ್ ಪೂರ್ತಿ ಕ್ಲಿಪ್‌ಬೋರ್ಡ್ ಹಿಡ್ಕೊಂಡು ನಿಂತಿರ್ತಾನೆ. ಕ್ರಿಕೆಟ್ಟಲ್ಲಿ ಇದಕ್ಕೆ ಹತ್ತಿರ ಅಂದ್ರೆ ಕೀಪರ್. ಎರಡು ಜೊತೆ ಗ್ಲೌಸ್‌ಗೆ ಜಾಗ ಇಲ್ಲ.

(2/7)

ಆ ಹುಡುಗನ ಹೆಸರು ಜೇಲನ್ ಹರ್ಟ್ಸ್. ಟೆಕ್ಸಸ್‌ನವನು, ಅಪ್ಪ ಹೈಸ್ಕೂಲ್ ಫುಟ್‌ಬಾಲ್ ಕೋಚ್. 2016ರಲ್ಲಿ ಅಲಬಾಮಾ ಯೂನಿವರ್ಸಿಟಿಗೆ ಬಂದ. ಊರು ಟಸ್ಕಲೂಸಾ, ಕೋಚ್ ನಿಕ್ ಸೇಬನ್. ಸುಮಾರು ಒಂದು ಲಕ್ಷ ಜನ ಕೂರೋ ಸ್ಟೇಡಿಯಂ ಒಂದು ಕಾಲೇಜ್ ಟೀಮಿಗೆ. ನಮ್ಮ ಚಿನ್ನಸ್ವಾಮಿ ಥರದ್ದು ಎರಡಿದ್ರೂ ಸಾಲಲ್ಲ ಅಷ್ಟು ಜನಕ್ಕೆ.

ಎಲ್ಲರೂ ಬಿಡೋ ಒಂದು ವಿಷಯ ಹೇಳ್ತೀನಿ. ಹರ್ಟ್ಸ್ ಕೂಡ ಇನ್ನೊಬ್ಬನ ಜಾಗ ತಗೊಂಡೇ ಶುರು ಮಾಡಿದ್ದು. ಆ ಸೀಸನ್ನಿನ ಮೊದಲ ಮ್ಯಾಚಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದಿದ್ದು ಬ್ಲೇಕ್ ಬಾರ್ನೆಟ್. ಅದೇ ಮ್ಯಾಚಲ್ಲಿ ಹರ್ಟ್ಸ್‌ನ ಒಳಗೆ ಕಳಿಸಿದ್ರು, ಮೊದಲ ಬಾಲಲ್ಲೇ ಕೈಜಾರಿ ಬೀಳಿಸಿದ. ಆಮೇಲೆ ಚೆನ್ನಾಗಾಡಿದ, 52-6 ಗೆದ್ರು. ಬಾರ್ನೆಟ್ ಅದೇ ತಿಂಗಳು ಕಾಲೇಜ್ ಬಿಟ್ಟು ಹೊರಟ. ಆ ಹುಡುಗನ ಬಗ್ಗೆ ಯಾರೂ ರೀಲ್ ಮಾಡಲ್ಲ.

ಆ ವರ್ಷ ಫೈನಲ್ ತನಕ ಹೋದ್ರು. ಮ್ಯಾಚ್ ಮುಗಿಯೋಕೆ ಎರಡು ನಿಮಿಷ ಇದ್ದಾಗ ಹರ್ಟ್ಸ್ ತಾನೇ 30 ಗಜ ಓಡಿ ಅಲಬಾಮಾನ ಮುಂದೆ ತಂದ. ಕೊನೆಗೆ ಒಂದು ಸೆಕೆಂಡ್ ಉಳಿದಿರುವಾಗ ಕ್ಲೆಮ್ಸನ್ ಟಚ್‌ಡೌನ್ ಹೊಡೀತು. 35-31. ನಮ್ಮ ಕಡೆ ಕೊನೇ ಬಾಲಿಗೆ ಸಿಕ್ಸ್ ಹೊಡೆಸ್ಕೊಂಡಂಗೆ.

(3/7)

ಮುಂದಿನ ವರ್ಷ ಹವಾಯಿಯಿಂದ ಒಬ್ಬ ಎಡಗೈ ಹುಡುಗ ಬಂದ. ಟುವಾ ಟಾಗೋವೈಲೋವಾ. ಸೀಸನ್ ಪೂರ್ತಿ ಹರ್ಟ್ಸೇ ಆಡಿದ. ಟೀಮ್ ಆಗಲೇ ದೊಡ್ಡ ಅಂತರದಲ್ಲಿ ಗೆಲ್ತಾ ಇದ್ರೆ ಟುವಾಗೆ ಕೊನೇ ಸ್ವಲ್ಪ ಹೊತ್ತು ಸಿಗ್ತಿತ್ತು.

2018ರ ಜನವರಿ 8, ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಸ್ಟೇಡಿಯಂ, ಜಾರ್ಜಿಯಾ ಎದುರು ಫೈನಲ್. ಹಾಫ್ ಟೈಮಿಗೆ 0-13. ಹರ್ಟ್ಸ್ ಎಂಟು ಸಲ ಎಸೆದಿದ್ದ, ಮೂರು ಮಾತ್ರ ಸೇರಿತ್ತು, ಒಟ್ಟು 21 ಗಜ. ಸೇಬನ್ ಟುವಾನ ಇಳಿಸಿದ್ರು.

ಟುವಾ ಅದ್ಭುತ ಏನೂ ಅಲ್ಲ, ಗಲಿಬಿಲಿನೂ ಮಾಡ್ಕೊಂಡ, ಒಂದು ಸಲ ಬಾಲ್ ಎದುರಾಳಿ ಕೈಗೇ ಎಸೆದ. ಆದ್ರೆ ದೂರಕ್ಕೆ ಎಸೆಯೋ ಧೈರ್ಯ ಇತ್ತು. 20-20 ಆಯ್ತು. ಹೆಚ್ಚುವರಿ ಅವಧಿಯಲ್ಲಿ ಜಾರ್ಜಿಯಾ ಮೂರು ಪಾಯಿಂಟ್ ಮಾಡ್ತು. ಅಲಬಾಮಾ ಸರದಿಯ ಮೊದಲ ಪ್ರಯತ್ನದಲ್ಲೇ ಟುವಾ ಬಾಲ್ ಹಿಡ್ಕೊಂಡು ಹಿಂದೆ ಹಿಂದೆ ಓಡಿ 16 ಗಜ ಕಳ್ಕೊಂಡ. ಬುದ್ಧಿ ಇರೋನು ಮಾಡೋ ಕೆಲಸ ಅಲ್ಲ. ಹತ್ತು ಗಜ ಬೇಕಿದ್ದ ಕಡೆ ಈಗ 26 ಬೇಕು. ಮುಂದಿನ ಬಾಲಿಗೆ ಎಡಗಡೆ ಅಂಚಲ್ಲಿ ಓಡ್ತಿದ್ದ ಡೆವಾಂಟಾ ಸ್ಮಿತ್‌ಗೆ 41 ಗಜದ ಎಸೆತ. ಟಚ್‌ಡೌನ್. 26-23. ಅಲ್ಲಿನವರು ಇವತ್ತಿಗೂ "ಸೆಕೆಂಡ್ ಅಂಡ್ ಟ್ವೆಂಟಿಸಿಕ್ಸ್" ಅಂದ್ರೆ ಸಾಕು, ಯಾವ ಮ್ಯಾಚ್ ಅಂತ ಕೇಳಲ್ಲ.

ನಾನು ಆ ವಿಡಿಯೋ ಎಷ್ಟು ಸಲ ನೋಡಿದೀನೋ. ನೋಡ್ತಾ ನೋಡ್ತಾ ಕಣ್ಣು ಹೋಗೋದು ಸೈಡ್‌ಲೈನಲ್ಲಿ ಇರೋ ಹರ್ಟ್ಸ್ ಕಡೆಗೆ. ನಗ್ತಾ ಇದಾನೆ, ಟುವಾನ ತಬ್ಬಿಕೊಂಡ. ಅವನ ಟೀಮ್ ಗೆದ್ದಿದೆ, ದಾಖಲೆಯಲ್ಲಿ ಆ ಗೆಲುವು ಅವನ ಲೆಕ್ಕಕ್ಕೇ ಬೀಳುತ್ತೆ ಯಾಕಂದ್ರೆ ಮ್ಯಾಚ್ ಶುರು ಮಾಡಿದ್ದು ಅವನೇ. 26 ಗೆಲುವು, 2 ಸೋಲು. ಕೆಲಸ ಮಾತ್ರ ಹೋಗಿದೆ.

(4/7)

ಇಲ್ಲಿಂದ ಮುಂದಿನದ್ದು ಟಿವಿಲಿ ಬರಲ್ಲ, ನನಗೆ ಬೇಕಾಗಿರೋದೂ ಅದೇ.

ಕಾಲೇಜ್ ಟೀಮಿಗೆ ಸೀಸನ್ನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಅಧಿಕೃತ ಅಭ್ಯಾಸ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಜೊತೆ ನಡೆಯೋ ಪ್ರಯತ್ನಗಳಲ್ಲಿ ಹೆಚ್ಚಿನ ಪಾಲು ಮೊದಲನೆಯವನಿಗೆ. ಯಾಕಂದ್ರೆ ಶನಿವಾರ ಆಡೋನು ಅವನು, ಹಿಡಿಯೋ ಹುಡುಗರ ಓಟದ ಅಳತೆ ಅವನ ಕೈಗೆ ಕೂತಿರ್ಬೇಕು. ಎರಡನೆಯವನಿಗೆ ಉಳಿದದ್ದು. ಕೆಲವು ಟೀಮಲ್ಲಿ ಕೆಳಗಿನವರು ಆ ವಾರದ ಎದುರಾಳಿ ಕ್ವಾರ್ಟರ್‌ಬ್ಯಾಕ್ ಥರ ನಟಿಸ್ಬೇಕು, ನಮ್ಮ ಡಿಫೆನ್ಸಿಗೆ ಅಭ್ಯಾಸ ಆಗ್ಲಿ ಅಂತ. ಅಂದ್ರೆ ವಾರ ಪೂರ್ತಿ ನೀನು ಬೇರೆ ಯಾರೋ ಆಗಿರ್ತೀಯ.

ಈಗ ಯೋಚ್ನೆ ಮಾಡಿ. ಮೊದಲನೆಯವನಿಗೆ ಜಾಸ್ತಿ ಅಭ್ಯಾಸ, ಹಾಗಾಗಿ ಇನ್ನೂ ಚೆನ್ನಾಗಾಗ್ತಾನೆ, ಹಾಗಾಗಿ ಇನ್ನೂ ಜಾಸ್ತಿ ಅಭ್ಯಾಸ. ಮೊದಲ ದಿನ ಕೂದಲೆಳೆ ಅಂತರ ಇದ್ದದ್ದು ಮೂರು ತಿಂಗಳಲ್ಲಿ ಹೊಳೆಯಷ್ಟು ಅಗಲ ಆಗುತ್ತೆ. ಆಮೇಲೆ ಎಲ್ಲರೂ "ನೋಡು, ಸರ್ ಸರಿಯಾಗೇ ಆರಿಸಿದ್ರು" ಅಂತಾರೆ. ಸರಿಯಾಗಿ ಆರಿಸಿದ್ರೋ, ಆರಿಸಿದ್ದಕ್ಕೆ ಸರಿ ಆಯ್ತೋ, ಯಾರಿಗೆ ಗೊತ್ತು ಗುರೂ.

2018ರ ಏಪ್ರಿಲ್ ಪ್ರದರ್ಶನ ಪಂದ್ಯಕ್ಕೆ ಟುವಾ ಕೈಗೆ ಪೆಟ್ಟಾಗಿ ಆಡ್ಲಿಲ್ಲ, ಹರ್ಟ್ಸ್‌ಗೆ ಮೈದಾನ ಸಿಕ್ತು, ಆದ್ರೆ ಆಟ ಕೂಡಿಬರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಟುವಾನೇ ಮೊದಲನೆಯವನು ಅಂತ ಆಯ್ತು. ಮೊದಲ ಮ್ಯಾಚ್ ಮುಗಿದ ತಕ್ಷಣ ಟಿವಿ ರಿಪೋರ್ಟರ್ ಕ್ವಾರ್ಟರ್‌ಬ್ಯಾಕ್ ಪ್ರಶ್ನೆ ಕೇಳಿದ್ದಕ್ಕೆ ಸೇಬನ್ ಸಿಡುಕಿಬಿಟ್ರು, ಆಮೇಲೆ ಅವರ ಕ್ಷಮೆ ಕೇಳಿದ್ರು.

ಆ ವರ್ಷವೇ ಹೊಸ ನಿಯಮ ಬಂದಿತ್ತು. ನಾಲ್ಕು ಮ್ಯಾಚ್ ಒಳಗೆ ಆಡಿದ್ರೆ ಆ ವರ್ಷ ನಿನ್ನ ಲೆಕ್ಕಕ್ಕೆ ಸೇರಲ್ಲ, ಬೇರೆ ಕಾಲೇಜಿಗೆ ಹೋಗಿ ಆ ವರ್ಷ ಆಡಬಹುದು. ಐದನೇ ಮ್ಯಾಚಿಗೆ ಕಾಲಿಟ್ರೆ ವರ್ಷ ಮುಗೀತು. ಕ್ಲೆಮ್ಸನ್‌ನಲ್ಲಿ ಕೆಲ್ಲಿ ಬ್ರೈಂಟ್ ಅಂತ ಸೀನಿಯರ್ ಇದ್ದ. ನಾಲ್ಕು ಮ್ಯಾಚ್ ಆದ್ಮೇಲೆ ಹೊಸ ಹುಡುಗ ಟ್ರೆವರ್ ಲಾರೆನ್ಸ್‌ಗೆ ಜಾಗ ಕೊಟ್ರು. ಬ್ರೈಂಟ್ ಗಂಟುಮೂಟೆ ಕಟ್ಟಿದ. ತಪ್ಪು ಅಂತ ನಾನಂತೂ ಹೇಳಲ್ಲ. ಹರ್ಟ್ಸ್ ಅದೇ ವಾರ, ಸೆಪ್ಟೆಂಬರ್ 29ಕ್ಕೆ, ಐದನೇ ಮ್ಯಾಚಲ್ಲಿ ಬದಲಿ ಆಟಗಾರನಾಗಿ ಇಳಿದ. ಬಾಗಿಲು ಹಾಕ್ಕೊಂಡ.

(5/7)

ಡಿಸೆಂಬರ್ 1. ಅದೇ ಅಟ್ಲಾಂಟಾ, ಅದೇ ಸ್ಟೇಡಿಯಂ, ಅದೇ ಜಾರ್ಜಿಯಾ. ಸಿನಿಮಾದಲ್ಲಿ ಹೀಗೆ ಬರೆದ್ರೆ ನಾವೇ ಬೈತೀವಿ.

ನಾಲ್ಕನೇ ಕ್ವಾರ್ಟರ್, ಅಲಬಾಮಾ 21-28 ಹಿಂದೆ. ಟುವಾ ಪಾದದ ಕೀಲಿಗೆ ಪೆಟ್ಟು. ಹರ್ಟ್ಸ್ ಹೆಲ್ಮೆಟ್ ಹಾಕ್ಕೊಂಡ. ಜೆರಿ ಜೂಡಿಗೆ ಹತ್ತು ಗಜದ ಟಚ್‌ಡೌನ್ ಎಸೆದು 28-28 ಮಾಡಿದ.

ಆಮೇಲೆ ನಡೆದದ್ದು ನನಗೆ ತುಂಬಾ ಕಾಡುತ್ತೆ. ಜಾರ್ಜಿಯಾದಲ್ಲೂ ಒಬ್ಬ ಎರಡನೇ ಕ್ವಾರ್ಟರ್‌ಬ್ಯಾಕ್ ಇದ್ದ, ಜಸ್ಟಿನ್ ಫೀಲ್ಡ್ಸ್. ಆ ಸೀಸನ್ ಪೂರ್ತಿ ಜೇಕ್ ಫ್ರಾಮ್ ಹಿಂದೆ ಕಾದಿದ್ದ. ನಾಲ್ಕನೇ ಪ್ರಯತ್ನ, 11 ಗಜ ಬೇಕು, ಎಲ್ಲರೂ ಬಾಲ್ ಒದ್ದು ಕಳಿಸ್ತಾರೆ ಅಂದ್ಕೊಂಡಾಗ ಜಾರ್ಜಿಯಾ ಗುಟ್ಟಾಗಿ ಫೀಲ್ಡ್ಸ್ ಕೈಗೆ ಬಾಲ್ ಕೊಟ್ಟು ಓಡು ಅಂತು. ಅಷ್ಟು ಜನ ಮುತ್ತಿದ್ರೆ ಎಲ್ಲಿ ಓಡ್ತಾನೆ. ಸಿಕ್ಕಿಬಿದ್ದ. ಬಾಲ್ ಮೈದಾನದ ಮಧ್ಯದಲ್ಲಿ ಅಲಬಾಮಾಗೆ ಸಿಕ್ತು, ಸ್ವಲ್ಪ ಹೊತ್ತಲ್ಲೇ ಹರ್ಟ್ಸ್ 15 ಗಜ ಓಡಿ ಒಳಗೆ ಹೋದ. ಒಂದು ನಿಮಿಷ ನಾಲ್ಕು ಸೆಕೆಂಡ್ ಉಳಿದಿತ್ತು. 35-28.

ಎರಡೂ ಕಡೆ ಕಾದು ಕೂತವರೇ. ಇವನು ಹೀರೋ, ಅವನ ಓಟ ಇವತ್ತಿಗೂ ಜೋಕು.

(6/7)

ಈ ಕ್ಲಿಪ್ಪಿಗೆ ಸ್ಯಾಡ್ ಮ್ಯೂಸಿಕ್ ಹಾಕಿ "ತಾಳಿದವನು ಬಾಳಿಯಾನು" ಅಂತ ಬರೆದು ನನಗೆ ಫಾರ್ವರ್ಡ್ ಮಾಡೋರು ಇದೀರಲ್ಲ, ನಿಮಗೇ ಈ ಭಾಗ.

ಹರ್ಟ್ಸ್ ತಾಳಿದ, ಸರಿ. ಆದ್ರೆ ಅದೇ ಡಿಸೆಂಬರಲ್ಲಿ ಡಿಗ್ರಿ ಮುಗಿಸಿದ, ಜನವರಿಯಲ್ಲಿ ಓಕ್ಲಹೋಮಾಗೆ ಹೊರಟ. ಡಿಗ್ರಿ ಆಗಿದ್ದವನು ಬೇರೆ ಕಾಲೇಜಿಗೆ ಹೋದ್ರೆ ಒಂದು ವರ್ಷ ಸುಮ್ನೆ ಕೂರಬೇಕಿಲ್ಲ, ತಕ್ಷಣ ಆಡಬಹುದಿತ್ತು. ಅವನ ಲೆಕ್ಕ ಪಕ್ಕಾ ಇತ್ತು. ಆ ಅರ್ಧ ಕಥೆ ರೀಲಲ್ಲಿ ಕಟ್ ಆಗಿರುತ್ತೆ.

2019ರ ಹೈಸ್‌ಮನ್ ಟ್ರೋಫಿ, ಅಂದ್ರೆ ಕಾಲೇಜ್ ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿ, ಅದರ ಕೊನೇ ಸುತ್ತಿಗೆ ನಾಲ್ಕು ಜನ. ಗೆದ್ದವನು ಎಲ್‌ಎಸ್‌ಯುನ ಜೋ ಬರೋ, ಅವನು ಒಹಾಯೋ ಸ್ಟೇಟ್‌ನಲ್ಲಿ ಡ್ವೇನ್ ಹ್ಯಾಸ್ಕಿನ್ಸ್ ಜೊತೆ ಪೈಪೋಟಿಯಲ್ಲಿ ಹಿಂದೆ ಬಿದ್ದು ಬಿಟ್ಟುಬಂದವನು. ಎರಡನೆಯವನು ಹರ್ಟ್ಸ್. ಮೂರನೆಯವನು ಫೀಲ್ಡ್ಸ್, ಅವನು ಜಾರ್ಜಿಯಾ ಬಿಟ್ಟು ಹೋಗಿದ್ದು ಅದೇ ಒಹಾಯೋ ಸ್ಟೇಟಿಗೆ. ನಾಲ್ಕನೆಯವನು ಚೇಸ್ ಯಂಗ್, ಡಿಫೆನ್ಸ್ ಆಟಗಾರ. ಅಂದ್ರೆ ಆ ವರ್ಷ ದೇಶದ ಅತ್ಯುತ್ತಮ ಅನ್ನಿಸ್ಕೊಂಡ ಮೂರೂ ಕ್ವಾರ್ಟರ್‌ಬ್ಯಾಕ್‌ಗಳು ಹಳೇ ಕಾಲೇಜಲ್ಲಿ ಎರಡನೆಯವರಾಗಿದ್ದವರು! ಆ ಹಳೇ ಕೋಚ್‌ಗಳೇನು ದಡ್ಡರಲ್ಲ. ಹ್ಯಾಸ್ಕಿನ್ಸ್, ಟುವಾ ಇಬ್ರೂ ಆಮೇಲೆ ಪ್ರೊ ಟೀಮುಗಳ ಮೊದಲ ಸುತ್ತಿನ ಆಯ್ಕೆ ಆದವರೇ. ಜಾಗ ಒಂದು, ಅರ್ಹರು ಇಬ್ಬರು. ಅಷ್ಟೇ.

ಮುಂದೆ ಟುವಾ 2019ರ ನವೆಂಬರಲ್ಲಿ ಸೊಂಟದ ಪೆಟ್ಟಿಗೆ ಬಿದ್ದ, ಆದ್ರೂ 2020ರ ಡ್ರಾಫ್ಟಲ್ಲಿ 5ನೆಯವನಾಗಿ ಹೋದ. ಹರ್ಟ್ಸ್ 53ನೆಯವನು, ಫಿಲಡೆಲ್ಫಿಯಾಗೆ. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದು ಪಂದ್ಯಶ್ರೇಷ್ಠ ಆದದ್ದು ನಿಮಗೆ ಗೊತ್ತಿರಬಹುದು. ಆ ಟೀಮಲ್ಲಿ ಅವನ ಎಸೆತ ಹಿಡಿಯೋರಲ್ಲಿ ಒಬ್ಬ ಡೆವಾಂಟಾ ಸ್ಮಿತ್. ಹೌದು, ಆ 41 ಗಜದ ಹುಡುಗನೇ.

(7/7)

ಇದೆಲ್ಲಾ ಯಾಕೆ ಬರೀತಾ ಇದೀಯಾ ಅಂತ ಡಿಎಂ ಮಾಡಿದೋರಿಗೆ: ಕ್ಲಾಸ್‌ಮೇಟ್ಸ್‌ಗೆ ಗೊತ್ತೇ ಇದೆ. ಮೂರು ವರ್ಷದಿಂದ ನಾನು ನಮ್ಮ ಕಾಲೇಜ್ ಟೀಮಿನ ಎರಡನೇ ಕೀಪರ್. ಮೊದಲು ಸೀನಿಯರ್ ಇದ್ರು, ಅವರು ಪಾಸಾಗಿ ಹೋದ್ಮೇಲೆ ನನ್ನ ಸರದಿ ಅಂದ್ಕೊಂಡಾಗ ಫಸ್ಟ್ ಇಯರ್‌ಗೆ ಒಬ್ಬ ಬಂದ. ಅಣ್ಣಾ ಅಣ್ಣಾ ಅಂತ ಹಿಂದೆಯೇ ಓಡಾಡೋ ಹುಡುಗ, ಬೈಯೋಕೂ ಆಗಲ್ಲ. ಸ್ಪಿನ್ನಿಗೆ ಅವನ ಕೈ ನನಗಿಂತ ಮೃದು, ಇದನ್ನ ನಾನೇ ಹೇಳ್ತೀನಿ. ಫಾಸ್ಟ್ ಬೌಲಿಂಗಿಗೆ ನಾನು ಮೇಲು, ಇದನ್ನೂ ನಾನೇ ಹೇಳ್ತೀನಿ. ಬ್ಯಾಟಿಂಗ್ ಸೇರಿಸಿ ಟೀಮಿಗೆ ಬಾ ಅಂದೋರಿದಾರೆ, 2003ರ ವರ್ಲ್ಡ್ ಕಪ್ಪಲ್ಲಿ ನಮ್ಮ ದ್ರಾವಿಡ್ ಗ್ಲೌಸ್ ಹಾಕ್ಕೊಂಡು ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಮಾಡಿಕೊಟ್ರಲ್ಲ ಅಂತ. ಅಣ್ಣಾ, ನಾನು ದ್ರಾವಿಡ್ ಅಲ್ಲ. ಮತ್ತೆ ಆ ವರ್ಲ್ಡ್ ಕಪ್ಪಲ್ಲಿ ಪಾರ್ಥಿವ್ ಪಟೇಲ್ ಹೊರಗೆ ಕೂತಿದ್ದನ್ನ ಯಾರಾದ್ರೂ ನೆನಪಿಸ್ಕೊಳ್ತೀರಾ?

ಊರಿನ ಒಂದು ಕ್ಲಬ್ಬಿನವರು ಬಾ, ಡಿವಿಷನ್ ಲೀಗಿಗೆ ನೀನೇ ಕೀಪರ್ ಅಂತ ಕರೆದಿದಾರೆ. ಈಗಲೇ ಹೋದ್ರೆ ಕಾಲೇಜ್ ಟೀಮ್ ಬಿಡ್ಬೇಕು, ಅಟೆಂಡೆನ್ಸೂ ಹೋಗುತ್ತೆ, ಅಮ್ಮ ಮನೆಗೆ ಸೇರಿಸಲ್ಲ. ಡಿಗ್ರಿಗೆ ಇನ್ನೊಂದು ಸೆಮಿಸ್ಟರ್ ಇದೆ. ಕ್ಲಬ್ಬಿನವರಿಗೆ ಜುಲೈ ತನಕ ಟೈಮ್ ಕೇಳಿದೀನಿ, ನೋಡೋಣ ಅಂದಿದಾರೆ.

ಸೋಮವಾರ ಸರ್ ಹತ್ರ ಹೋಗಿ "ನಾನು ಟೀಮಲ್ಲಿ ಇರ್ತೀನಾ" ಅಂತ ಕೇಳ್ಲಿಲ್ಲ. "ಸರ್, ವಾರಕ್ಕೆ ಎರಡು ದಿನ ಅರ್ಧರ್ಧ ಗಂಟೆ ಸ್ಪಿನ್ನರ್ಸ್‌ಗೆ ನಾನೊಬ್ಬನೇ ಕೀಪ್ ಮಾಡ್ಬೇಕು" ಅಂದೆ. ಸರ್ ಸ್ವಲ್ಪ ಹೊತ್ತು ಮುಖ ನೋಡಿದ್ರು. ಮಂಗಳವಾರ, ಗುರುವಾರ ಬೆಳಗ್ಗೆ ಆರೂವರೆಗೆ ಬಾ, ಬೌಲರ್‌ಗಳನ್ನ ನೀನೇ ಎಬ್ಬಿಸ್ಕೊಂಡು ಬರ್ಬೇಕು ಅಂದ್ರು.

ಹಾಸ್ಟೆಲ್ ಬಿ ಬ್ಲಾಕಿನ ಲೆಗ್ ಸ್ಪಿನ್ನರ್‌ಗಳೇ, ನಾಳೆ ಆರು ಗಂಟೆಗೆ ಬಾಗಿಲು ಬಡೀತೀನಿ. ಚಹಾ ನನ್ನ ಲೆಕ್ಕ.