ಉದಾಹರಣೆಯ ಹೊಣೆ

ನೋಯ್ಡಾ, ಗುರುಗ್ರಾಮಗಳಲ್ಲಿ ದುಡಿಯುವ ನಾವು ಡೇಟಾಬೇಸಿನ ಕೈಪಿಡಿ ತೆರೆದಾಗ ಮೊದಲು ಓದುವುದು ವಿವರಣೆಯನ್ನಲ್ಲ, ಉದಾಹರಣೆಯನ್ನು. ಅದನ್ನೇ ನಕಲು ಮಾಡಿ ಕೆಲಸಕ್ಕೆ ಹಚ್ಚುತ್ತೇವೆ. ಹೆಸರನ್ನು ನೇರವಾಗಿ ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸುವ ಮಾದರಿ ರಮೇಶನಿಗೆ ಒಗ್ಗುತ್ತದೆ. ಮಂಗಳೂರಿನ ಡಿ'ಸೋಜರು ಬಂದೊಡನೆ, ಅವರ ಹೆಸರಿನೊಳಗಿನ ಒಂಟಿ ಉದ್ಧರಣ ಚಿಹ್ನೆ ವಾಕ್ಯವನ್ನು ನಡುವೆಯೇ ಮುರಿಯುತ್ತದೆ. ಅದೇ ಬಿರುಕಿನಿಂದ ಕಳ್ಳನೂ ಒಳನುಗ್ಗಬಲ್ಲ.

2006ರಲ್ಲಿ ಪೈಥಾನ್ 2.5ರೊಡನೆ ಸೇರಿದ ಎಸ್‌ಕ್ಯೂಲೈಟ್3 ಲೈಬ್ರರಿಯ ಕೈಪಿಡಿ ಈ ತಪ್ಪು ಮಾದರಿಯನ್ನು ತೋರಿಸಿ, ಹೀಗೆ ಮಾಡಲಾಗದೆಂದು ಎಚ್ಚರಿಸಿ, ಪಕ್ಕದಲ್ಲೇ ಪ್ರಶ್ನಾರ್ಥಕ ಚಿಹ್ನೆಯ ಸರಿದಾರಿ ಕೊಡುತ್ತದೆ: ವಾಕ್ಯ ಬೇರೆ, ಅದಕ್ಕೆ ತುಂಬುವ ಮೌಲ್ಯ ಬೇರೆ.

ಮನೆತನದ ಹೆಸರಿಲ್ಲದ, ಬರಿಯ ಇನಿಷಿಯಲ್ಲುಗಳ ನಮ್ಮ ಹೆಸರುಗಳನ್ನು ದೆಹಲಿಯ ಅರ್ಜಿಗಳಿಗೆ ಹೊಂದಿಸಲು ಹೆಣಗಿದ ನಮಗೆ ಇದು ಕೇವಲ ತಾಂತ್ರಿಕ ಸಂಗತಿಯಲ್ಲ. ಕೈಪಿಡಿ ಬರೆಯುವವರು ಮಾದರಿಗೆ ರಮೇಶನನ್ನಲ್ಲ, ಡಿ'ಸೋಜರನ್ನು ಆರಿಸಲಿ.